ಇಳಿದ ರೆಪ್ಪೆಗೆ ಟೇಪ್, ಧಾರೆ ಮುಗಿಯೋವರ್ಗೂ ನಿಂತ ನನ್ನ ಅನುಭವ

ತುಮಕೂರಲ್ಲಿ ಪಾರ್ಲರ್ ಇಟ್ಟು ಹನ್ನೊಂದು ವರ್ಷ ಆಯ್ತು, ಬ್ರೈಡಲ್ ಶುರು ಮಾಡಿ ಆರೇಳು ವರ್ಷ. ಮದುಮಗಳಿಗೆ ಒಂದು ರೆಪ್ಪೆ ಇಳಿದಿದ್ರೆ ನಮ್ಮ ಕಡೆ ಎಲ್ರೂ ಹೇಳೋದು ಒಂದೇ, ಫೋಟೋದಲ್ಲಿ ಎಡಿಟ್ ಮಾಡ್ತಾರೆ ಬಿಡಿ, ಇಲ್ಲಾಂದ್ರೆ ಆಪರೇಷನ್ನೇ. ನಾನು ರೆಪ್ಪೆ ಮೇಲೆ ಸಣ್ಣ ಟೇಪ್ ಅಂಟಿಸಿ ಎತ್ತಿ ಸರಿ ಮಾಡ್ತೀನಿ ಅಂದಾಗ ನಂಗೆ ಕೆಲಸ ಕಲಿಸಿದ ಅಕ್ಕಾನೇ "ಧಾರೆ ಹೊತ್ತಿಗೆ ಕಿತ್ಕೊಂಡ್ ಬರುತ್ತೆ ನೋಡ್ತಿರು" ಅಂದಿದ್ರು.

ಮೊದಲ ಸಲ ಹಂಗೇ ಆಯ್ತು. ಗುಬ್ಬಿ ಕಡೆ ಮದುವೆ, ಬೆಳಗಿನ ಜಾವ ನಾಲ್ಕಕ್ಕೇ ಕೂತಿದ್ವಿ, ಹೋಮದ ಹೊಗೆ ಬೇರೆ, ಧಾರೆ ಎರೆಯುವಾಗ ಅಪ್ಪನ ಮುಖ ನೋಡಿ ಹುಡುಗಿ ಅತ್ತುಬಿಟ್ಲು, ಟೇಪಿನ ತುದಿ ಎದ್ದು ಬಿಳಿ ಗೆರೆ ಥರ ಕಾಣ್ತು. ಎಂಟು ಸಾವಿರದಲ್ಲಿ ಮೂರು ಸಾವಿರ ವಾಪಸ್ ಕೊಟ್ಟೆ. ಅವರು ಕೇಳಿರ್ಲಿಲ್ಲ, ನಂಗೇ ಮನಸ್ಸು ಒಪ್ಪಲಿಲ್ಲ.

ಆಮೇಲೆ ಟೇಪಿಗೇ ನಾಲ್ಕೈದು ಸಾವಿರ ಸುರಿದೆ. ಪ್ಲಾಸ್ಟಿಕ್ ಟೇಪ್ ಮೇಲೆ ರೆಪ್ಪೆಗೆ ಹಚ್ಚೋ ಬಣ್ಣ (ಐಶ್ಯಾಡೋ) ಕೂರಲ್ಲ, ಹೊಳೀತದೆ. ಮೆಡಿಕಲ್ ಶಾಪಿನ ಮೈಕ್ರೋಪೋರ್, ಅಂದ್ರೆ ಗಾಯದ ಬ್ಯಾಂಡೇಜಿಗೆ ಅಂಟಿಸೋ ಟೇಪ್, ಕತ್ತರಿಸಿ ಹಾಕಿದ್ರೆ ಅಗ್ಗ, ಆದ್ರೆ ದಪ್ಪ ಕಾಣುತ್ತೆ. ಕೊನೆಗೆ ನೀರು ತಾಗಿಸಿ ಅಂಟಿಸೋ ನೆಟ್ ಟೇಪೇ ಸರಿ ಹೋಯ್ತು. ನಾದಿನಿಗೆ ಹಾಕಿ ಅವಳ ಕೈಲಿ ಒಂದು ಕೆಜಿ ಈರುಳ್ಳಿ ಹೆಚ್ಚಿಸಿದೆ, ಕಣ್ಣೀರಿಗೆ ನಿಲ್ಲುತ್ತಾ ನೋಡೋಣ ಅಂತ, ಮೂರನೇ ಸಲಕ್ಕೆ ನಿಂತ್ಕೊಂತು. ಇಳಿದ ಕಡೆ ದಪ್ಪ ಲ್ಯಾಶ್ (ಅಂಟಿಸೋ ನಕಲಿ ರೆಪ್ಪೆಗೂದಲು) ಹಾಕಿದ್ರೆ ಕಣ್ಣು ದೊಡ್ಡದಾಗಿ ಕಾಣುತ್ತೆ ಅನ್ಕೊಂಡು ಅದನ್ನೂ ಮಾಡಿದ್ದೆ, ಆ ಭಾರಕ್ಕೆ ರೆಪ್ಪೆ ಇನ್ನೂ ಕೆಳಗೆ ಬಂತು. ಆ ಕಡೆಗೆ ಯಾವಾಗ್ಲೂ ಹಗುರದ್ದೇ ಹಾಕಿ.

ನಾನು ಸೋತಿದ್ದ ಮುಖ್ಯ ಜಾಗ ಬೇರೆನೇ. ಎಡಗಣ್ಣಿನ ರೆಪ್ಪೆ ಎತ್ತಿ ಬಲಗಣ್ಣಿಗೆ ಸಮ ಮಾಡಿ ಲೈನರ್ ಎಳೀತಿದ್ದೆ, ಸ್ವಲ್ಪ ಹೊತ್ತಿಗೆ ಚೆನ್ನಾಗಿದ್ದ ಬಲಗಣ್ಣಿನ ರೆಪ್ಪೆ ಇಳಿಯೋದು, ಯಾಕೆ ಅಂತ ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡೆ. ಕಣ್ಣಿನ ಡಾಕ್ಟರ್ ಒಬ್ರು ಹೇಳಿದ್ರು, ಮೆದುಳು ಎರಡೂ ರೆಪ್ಪೆಗೆ ಒಂದೇ ಅಳತೆ ಬಲ ಕಳಿಸುತ್ತೆ, ಇಳಿದಿದ್ದನ್ನ ಎತ್ತೋಕೆ ಜಾಸ್ತಿ ಕಳಿಸ್ತಿರುತ್ತೆ, ನಾವು ಕೈಯಿಂದ ಎತ್ತಿದ್ರೆ ಆ ಬಲ ಕಮ್ಮಿ ಆಗಿ ಇನ್ನೊಂದೂ ಇಳಿಯುತ್ತೆ, ಅದಕ್ಕೆ ಹೆರಿಂಗ್ ನಿಯಮ ಅಂತಾರಂತೆ. ಎಲ್ರಿಗೂ ಹಂಗಾಗಲ್ಲ. ಈಗ ಇಳಿದ ಕಡೆ ಟೇಪ್ ಹಾಕಿ ನೇರ ಕೂರಿಸಿ ಐದು ನಿಮಿಷ ಬಿಡ್ತೀನಿ, ಆಮೇಲೇ ಇನ್ನೊಂದು ಕಣ್ಣು ಮುಟ್ಟೋದು, ಲೈನರೂ ಕಣ್ಣು ತೆರೆದಿದ್ದಾಗ್ಲೇ. ಕಣ್ಣು ಪೂರ್ತಿ ಮುಚ್ಚುತ್ತಾ ನೋಡಿ, ಇಲ್ಲಾಂದ್ರೆ ಒಣಗಿ ಉರಿ ಬರುತ್ತೆ. ತುದಿ ಕತ್ತರಿಸೋ ಆಕಾರ, ಅಂಟು ಆರೋಕೆ ಬಿಡೋ ಹೊತ್ತು, ಇವೆರಡು ನನ್ನ ಕ್ಲಾಸಿಗೆ ಬರೋರಿಗೆ ಮಾತ್ರ.

ಒಬ್ಬ ಹುಡುಗಿಗೆ ಬೆಳಗ್ಗೆ ಸರಿ ಇದ್ದ ರೆಪ್ಪೆ ಸಂಜೆ ಹೊತ್ತಿಗೆ ಇಳಿಯೋದು, ಎರಡೆರಡು ಕಾಣುತ್ತೆ ಅಂತಾನೂ ಅಂದ್ಲು. ಅಡ್ವಾನ್ಸ್ ತಗೊಳ್ಳದೆ ಮೊದಲು ಡಾಕ್ಟರ್ ಹತ್ರ ಕಳಿಸಿದೆ. ಇದ್ದಕ್ಕಿದ್ದಂಗೆ ರೆಪ್ಪೆ ಇಳಿದಿದ್ರೂ ಹಂಗೇ, ಅಂಥೋರಿಗೆ ಟೇಪ್ ಮುಟ್ಟಿಸ್ಬೇಡಿ.

ಹೋದ ವರ್ಷ ಶಿರಾದ ಮದುವೆಗೆ ಅಕ್ಕಾನೂ ಬಂದಿದ್ರು, ಊಟ ಆದ್ಮೇಲೆ ಹತ್ರ ಬಂದು "ಯಾವ ಕಣ್ಣೇ ಅದು" ಅಂತ ಕೇಳಿದ್ರು. ಕಣ್ಣಿನ ಕೆಲಸಕ್ಕೇ ಈಗ ಬೇರೆ 1500 ತಗೊಳ್ತೀನಿ. ತೆಗೆಯೋವಾಗ ಎಳೀಬೇಡಿ, ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ ಎರಡು ನಿಮಿಷ ಇಟ್ರೆ ತಾನೇ ಬಿಡುತ್ತೆ.