ಪಂಪಿಗೆ ವೋಲ್ಟೇಜ್ ಸಾಲದಿದ್ದರೆ ನಾನು ವೈರನ್ನು ಅಳೆಯುವ ಬಗೆ

ಶಿರಸಿ ಕಡೆ ಮನೆ ಮೇಲೆ, ತೋಟ ಕೆಳಗೆ, ಪಂಪು ಇನ್ನೂ ಕೆಳಗೆ ಹಳ್ಳದ ಬದಿಗೆ. ನಡುವೆ ಇನ್ನೂರು ಮೀಟರ್ ವೈರು. ಅದರಲ್ಲಿ ಮಂಗ ಜೋತು ಬಿದ್ದು ಕಿತ್ತದ್ದು, ಮರ ಬಿದ್ದು ತುಂಡಾಗಿ ಮತ್ತೆ ತಿರುಚಿ ಟೇಪು ಸುತ್ತಿದ್ದು ಎಲ್ಲ ಇರುತ್ತದೆ. ಬೇಸಿಗೆಯಲ್ಲಿ ಮೋಟರ್ ಗುಂಯ್ ಎಂದು ನಿಂತರೆ ಮೊದಲು ಕೆಪಾಸಿಟರ್ ಬದಲಾಗುತ್ತದೆ, ಆಮೇಲೆ ಸ್ಟೆಬಿಲೈಜರ್ ಬರುತ್ತದೆ. ವೈರನ್ನು ಯಾರೂ ಕೇಳುವುದಿಲ್ಲ.

ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಇದನ್ನು ನೋಡಿ ಪ್ರಯೋಜನವಿಲ್ಲ. ಮೀಟರು ಹರಿಸುವ ಕರೆಂಟು ಒಂದೆರಡು ಮಿಲಿ ಆಂಪಿಯರ್. ಹತ್ತು ಎಳೆಯಲ್ಲಿ ಒಂದೇ ಎಳೆ ತಾಗಿದ್ದರೂ ಜಾಯಿಂಟ್ ಸರಿ ಇದೆ ಎಂದೇ ತೋರಿಸುತ್ತದೆ. ಲೋಡ್ ಹಾಕಿ, ಎರಡೂ ತುದಿಯ ವೋಲ್ಟೇಜ್ ಮತ್ತು ಹರಿಯುವ ಕರೆಂಟು ಹಿಡಿದು ಲೆಕ್ಕ ಮಾಡಿದರೆ ಮಾತ್ರ ನಿಜ ಹೊರಬೀಳುತ್ತದೆ.

ಲೋಡಿಗೆ ಮೋಟರ್ ಬೇಡ. ಮೋಟರಿನ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಬರುವುದು ಕಾಯಿಲಿನ ರೆಸಿಸ್ಟನ್ಸ್ ಅಲ್ಲ. ಮೋಟರಿನಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ, ಈ ಪವರ್ ಫ್ಯಾಕ್ಟರ್ ಬೇರೆ ನಡುವೆ ಬಂದು ಲೆಕ್ಕ ಕೆಡುತ್ತದೆ. ಬಲ್ಬೂ ಬೇಡ, ಫಿಲಮೆಂಟ್ ತಣ್ಣಗಿದ್ದಾಗಿನ ರೆಸಿಸ್ಟನ್ಸ್ ಉರಿಯುವಾಗಿನದರ ಹತ್ತನೇ ಒಂದಂಶಕ್ಕಿಂತ ಹೆಚ್ಚಿರುವುದಿಲ್ಲ. ನಾನು ಬಳಸುವುದು ನೀರು ಕಾಯಿಸುವ 1500 ವ್ಯಾಟ್ ರಾಡ್. ಅದರ ಕಾಯಿಲ್ ಬಿಸಿಯಾದರೂ ರೆಸಿಸ್ಟನ್ಸ್ ಹೆಚ್ಚು ಕದಲುವುದಿಲ್ಲ: 230 × 230 ÷ 1500 = 35.3 ಓಮ್. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಗುರುತಿನ ತನಕ ನೀರು ಬೇಕು. ರಾಡ್ ಮುಳುಗಿದ ಮೇಲೆಯೇ ಸ್ವಿಚ್ಚು, ಸ್ವಿಚ್ಚು ಆರಿದ ಮೇಲೆಯೇ ನೀರಿಗೆ ಕೈ. ಪ್ಲಗ್ಗು 16 ಆಂಪಿಯರಿನದು, ಲೈನಿಗೆ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚು) ಇದ್ದರೆ ಮಾತ್ರ ಈ ಕೆಲಸ.

ಪಂಪಿನ ತುದಿಯಲ್ಲಿ ರಾಡ್ ಹಾಕಿ, ಒಬ್ಬರು ಮೇಲೆ, ಒಬ್ಬರು ಕೆಳಗೆ ಒಂದೇ ಹೊತ್ತಿಗೆ ವೋಲ್ಟೇಜ್ ಓದಬೇಕು. ತೋಟದಲ್ಲಿ ಮೊಬೈಲ್ ಸಿಗದಿದ್ದರೆ ಕೂ ಹಾಕಿದರೂ ನಡೆಯುತ್ತದೆ. ಹೊರಡುವ ಮೊದಲು ಎರಡೂ ಮೀಟರನ್ನು ಒಂದೇ ಸಾಕೆಟ್ಟಿಗೆ ಹಿಡಿದು ನೋಡಿ. 3 ವೋಲ್ಟ್ ವ್ಯತ್ಯಾಸ ತೋರಿಸುವ ಅಗ್ಗದ ಮೀಟರುಗಳು ಬೇಕಷ್ಟಿವೆ, ಆ ವ್ಯತ್ಯಾಸವನ್ನು ಕಳೆಯಬೇಕು. ಕರೆಂಟು ಓದಲು ಕ್ಲಾಂಪ್ ಮೀಟರು, ಅಂದರೆ ವೈರನ್ನು ಇಕ್ಕಳದಂತೆ ಹೊರಗಿನಿಂದಲೇ ಸುತ್ತಿ ಹಿಡಿದು ಅಳೆಯುವಂಥದ್ದು. ಅದನ್ನು ಒಂದೇ ವೈರಿಗೆ ಹಾಕಿ. ಎರಡಕ್ಕೂ ಸೇರಿಸಿ ಹಾಕಿದರೆ ಸೊನ್ನೆ ಬರಬೇಕು. ಬರದಿದ್ದರೆ ಕರೆಂಟು ಎಲ್ಲೋ ನೆಲಕ್ಕೆ ಸೋರುತ್ತಿದೆ. ಅಳತೆ ಅಲ್ಲಿಗೇ ನಿಲ್ಲಿಸಿ ಲೈನು ಬಂದ್ ಮಾಡಿ.

2.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಕಿಲೋಮೀಟರಿಗೆ 7.41 ಓಮ್. ಪಂಪು 200 ಮೀಟರ್ ದೂರವಿದ್ದರೆ ಹೋಗುವ ವೈರು, ಬರುವ ವೈರು ಸೇರಿ 400 ಮೀಟರ್, ಅಂದರೆ 2.96 ಓಮ್. ಈ ಎರಡು ಪಟ್ಟನ್ನು ಮರೆಯುವವರೇ ಜಾಸ್ತಿ. ಮೇಲೆ 225, ಕೆಳಗೆ 207, ಕರೆಂಟು 5.9 ಎಂದು ಬಂದರೆ 18 ÷ 5.9 = 3.05 ಓಮ್. ಪುಸ್ತಕದ ಲೆಕ್ಕಕ್ಕೆ ಹತ್ತಿರ. ಜಾಯಿಂಟ್ ಸರಿ ಇದೆ, ವೈರೇ ಸಣ್ಣದು.

ಅದೇ ಕೆಳಗೆ 196, ಕರೆಂಟು 5.55 ಬಂದರೆ? 29 ÷ 5.55 = 5.2 ಓಮ್. ಹೆಚ್ಚಿನ 2.25 ಓಮ್ ಜಾಯಿಂಟಿನಲ್ಲಿದೆ. ಅಲ್ಲಿ ಸುಡುವ ಪವರ್ 5.55 × 5.55 × 2.25, ಸುಮಾರು 69 ವ್ಯಾಟ್. ರೇಡಿಯೋ ರಿಪೇರಿಯ 25 ವ್ಯಾಟಿನ ಸೋಲ್ಡರಿಂಗ್ ಐರನ್ನೇ ಸೀಸ ಕರಗಿಸುತ್ತದೆ, ಇದು ಒಣ ಸೋಗೆಯ ಪಕ್ಕದಲ್ಲಿ ಟೇಪಿನೊಳಗೆ ಕುಳಿತಿದೆ. ಹುಡುಕಲು ಜಾಯಿಂಟಿನಿಂದ ಜಾಯಿಂಟಿಗೆ ವೋಲ್ಟೇಜ್ ನೋಡುತ್ತಾ ಇಳಿಯುತ್ತೇನೆ. ಒಮ್ಮೆಲೇ ಹತ್ತು ಹನ್ನೆರಡು ವೋಲ್ಟ್ ಕುಸಿದ ಕಡೆ ನಿಲ್ಲುತ್ತೇನೆ. ಕೆಲವೊಮ್ಮೆ ಮೀಟರೂ ಬೇಡ, ಟೇಪು ಕಂದಾಗಿ ಗರಿಗರಿಯಾಗಿರುತ್ತದೆ. ಮುಟ್ಟಿ ನೋಡುವುದು ಮಾತ್ರ ಮೇನ್ ತೆಗೆದ ಮೇಲೆ.

ಕಾರವಾರ, ಅಂಕೋಲೆ, ಕುಮಟೆಯ ಕಡಲಬದಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಉಪ್ಪುಗಾಳಿಗೆ ತಾಮ್ರ ಕಿಲುಬು ಹಿಡಿಯುತ್ತದೆ. ಅಲ್ಯೂಮಿನಿಯಂ ಸರ್ವೀಸ್ ವೈರಿಗೆ ತಾಮ್ರವನ್ನು ನೇರ ತಿರುಚಿದ್ದರೆ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಉದುರುತ್ತದೆ. ಅಲ್ಲಿ ಬೈಮೆಟಾಲಿಕ್ ಲಗ್ (ಒಂದು ಬದಿ ಅಲ್ಯೂಮಿನಿಯಂ, ಇನ್ನೊಂದು ಬದಿ ತಾಮ್ರ ಇರುವ ಜೋಡಣೆ ತುಂಡು) ಹಾಕಿ ಒತ್ತಬೇಕು, ಮೇಲೆ ನೀರು ಹೊಗದ ಪೆಟ್ಟಿಗೆ.

ಮೀಟರ್ ಓದಿದ್ದು ಸರಿಯೇ ಎಂದು ನೋಡಲು ಮನೆಯ ವಿದ್ಯುತ್ ಮೀಟರಿನ ಮಿನುಗುವ ದೀಪ ಸಾಕು. ಅದರ ಮೇಲೆ ಯುನಿಟ್ಟಿಗೆ 3200 ಇಂಪಲ್ಸ್ (ಮಿನುಗು) ಎಂದು ಬರೆದಿದ್ದರೆ ನಿಮಿಷಕ್ಕೆ ಎಷ್ಟು ಸಲ ಮಿನುಗಿತೋ ಅದನ್ನು 18.75ರಿಂದ ಗುಣಿಸಿದರೆ ವ್ಯಾಟ್. 225 × 5.9 ಅಂದರೆ 1328 ವ್ಯಾಟ್, ದೀಪ ನಿಮಿಷಕ್ಕೆ 71 ಸಲ ಮಿನುಗಬೇಕು. ಆ ಹೊತ್ತು ಫ್ರಿಜ್ಜು, ಮಿಕ್ಸಿ ಬಂದ್ ಇರಲಿ.

ಸ್ಟೆಬಿಲೈಜರನ್ನು ಪಂಪಿನ ಹತ್ತಿರ ಇಡುವುದು ನನಗೆ ಒಪ್ಪಿಗೆಯಿಲ್ಲ. ವೋಲ್ಟೇಜ್ ಏರಿಸಲು ಅದು ಲೈನಿನಿಂದ ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ವೈರಿನಲ್ಲಿ ಹೆಚ್ಚು ಕಳೆಯುತ್ತದೆ. ಹೊಸ ವೈರು ಎಳೆದರೆ ಬಿಲ್ಲು ಬಹಳ ಇಳಿಯುತ್ತದೆ ಎಂಬ ಆಸೆಯೂ ಬೇಡ. ಒಂದು ಎಚ್‌ಪಿ ಪಂಪು 7 ಆಂಪಿಯರ್ ಎಳೆದರೆ 2.5ರ ವೈರಿನಲ್ಲಿ 145 ವ್ಯಾಟ್ ಹೋಗುತ್ತದೆ, 6 ಚದರ ಮಿಲಿಮೀಟರಿನದರಲ್ಲಿ 60. ದಿನಕ್ಕೆ ನಾಲ್ಕು ತಾಸಿನಂತೆ ನಾಲ್ಕು ತಿಂಗಳು ಓಡಿಸಿದರೂ ಉಳಿಯುವುದು 41 ಯುನಿಟ್ಟು. ದಪ್ಪ ವೈರು ಬೇಕಾಗುವುದು ಮೋಟರ್ ಎತ್ತಿಕೊಳ್ಳುವ ಆ ಒಂದೆರಡು ಸೆಕೆಂಡಿಗೆ. ಆಗ ಕರೆಂಟು ಹಲವು ಪಟ್ಟು ಏರಿ, ತೆಳು ವೈರಿನ ತುದಿಯಲ್ಲಿ ವೋಲ್ಟೇಜ್ 160ರ ಆಸುಪಾಸಿಗೆ ಬೀಳಬಹುದು. ಎತ್ತುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 230ರಲ್ಲಿದ್ದುದರ ಅರ್ಧವೂ ಉಳಿಯುವುದಿಲ್ಲ. ತಾಮ್ರ ದುಬಾರಿ ಎನಿಸಿದರೆ 10 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಹಾಕಿ, ಅದರ ರೆಸಿಸ್ಟನ್ಸೂ 6ರ ತಾಮ್ರದಷ್ಟೇ, ಕಿಲೋಮೀಟರಿಗೆ 3.08 ಓಮ್.