ಗುಂಟೆಯೊಳಗಿನ 33, ಬಾವಿಯೊಳಗಿನ 22

ಇಂಡಿ ಕಡೆಯ ನಿಂಬೆ ತೋಟಗಳಿಗೆ ಡ್ರಿಪ್ ಹಾಕುವುದು ನನ್ನ ಕೆಲಸ. ದಿನವಿಡೀ ಲೆಕ್ಕವೇ: ಎಷ್ಟು ಗಿಡ, ಎಷ್ಟು ಪೈಪು, ಬಾವಿಯಲ್ಲಿ ಎಷ್ಟು ನೀರು.

ಶುರುವಿನಲ್ಲಿ ಗುಂಟೆಗೆ ಸಾವಿರ ಚದರ ಅಡಿ ಅಂತ ಹಿಡಿಯುತ್ತಿದ್ದೆ. ಬಾಯಿಲೆಕ್ಕಕ್ಕೆ ಸುಲಭ ಅಲ್ವಾ? ಒಮ್ಮೆ ಆರು ಎಕರೆ ತೋಟ ಬಂತು. ಗಿಡದಿಂದ ಗಿಡಕ್ಕೆ 20 ಅಡಿ, ಸಾಲಿನಿಂದ ಸಾಲಿಗೂ 20 ಅಡಿ. 240 ಗುಂಟೆ, ಅಂದರೆ 2,40,000 ಚದರ ಅಡಿ. ಅದನ್ನು 400ರಿಂದ ಭಾಗಿಸಿ, 600 ಗಿಡಕ್ಕೆ ಸಾಮಾನು ತಂದೆ. ಕೊನೆಯ ಎರಡು ಸಾಲಿಗೆ ಪೈಪೂ ಇಲ್ಲ, ಡ್ರಿಪ್ಪರೂ ಇಲ್ಲ.

"ಯಾಕ್ರೀ, ಇವಕ್ಕ ನೀರ್ ಬ್ಯಾಡೇನ್ರಿ?" ಅಂದರು ತೋಟದ ಅಜ್ಜಾರು. 53 ಗಿಡ ಬಿಟ್ಟು ಹೋಗಿದ್ದವು.

ಆ ರಾತ್ರಿ ಸರಿಯಾಗಿ ಲೆಕ್ಕ ಹಾಕಿದೆ. ಎಕರೆಗೆ 43,560 ಚದರ ಅಡಿ. 400ರಿಂದ ಭಾಗಿಸಿದರೆ 108.9 ಗಿಡ. 40 ಗುಂಟೆಗೆ ಹಂಚಿದರೆ ಗುಂಟೆಗೆ 1089 ಚದರ ಅಡಿ. ಅವೇ ಅಂಕಿಗಳು, ಚುಕ್ಕೆಯೊಂದೇ ಬೇರೆ! ಅಷ್ಟೇ ಅಲ್ಲ, 1089 ಅಂದರೆ 33 × 33. ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರಲ್ಲಿ ತಂದ ಅಳತೆಯ ಸರಪಳಿ 66 ಅಡಿ ಉದ್ದ. ಅರ್ಧ ಸರಪಳಿ ಉದ್ದ, ಅರ್ಧ ಸರಪಳಿ ಅಗಲದ ತುಂಡೇ ನಮ್ಮ ಗುಂಟೆ. ಅವತ್ತು ನಿದ್ದೆ ಬರಲಿಲ್ಲ, ಖುಷಿಗೆ.

ಈಗ ಗುಂಟೆಗೆ 1100 ಹಿಡಿಯುತ್ತೇನೆ. ಅದೇ ತೋಟಕ್ಕೆ 660 ಬರುತ್ತದೆ, ಏಳು ಜಾಸ್ತಿ. ಉಳಿದ ಸಾಮಾನು ಮುಂದಿನ ತೋಟಕ್ಕೆ ಆಗುತ್ತದೆ.

ನೀರಿನ ಲೆಕ್ಕ ಮಾತ್ರ ಉಲ್ಟಾ, ಅದು ಸ್ವಲ್ಪ ಕಡಿಮೆಯೇ ಬರಬೇಕು. ದುಂಡು ಬಾವಿಯ ಅಡ್ಡಳತೆಯನ್ನು ಅಡಿಯಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 22ರಿಂದ ಗುಣಿಸಿ. ಒಂದಡಿ ಆಳದಲ್ಲಿ ಅಷ್ಟು ಲೀಟರ್ ನೀರು. 20 ಅಡಿಯ ಬಾವಿಗೆ 8,800 ಬರುತ್ತದೆ, ನಿಜವಾದದ್ದು ಸುಮಾರು 8,896.

ಈ 22 ಎಲ್ಲಿಂದ ಬಂತು? ದುಂಡಿನ ಸುತ್ತಳತೆ ಅದರ ಅಡ್ಡಳತೆಯ ಎಷ್ಟು ಪಟ್ಟು ಅನ್ನುವುದಕ್ಕೆ ಭಾಸ್ಕರಾಚಾರ್ಯರು ತಮ್ಮ ಗಣಿತದ ಪುಸ್ತಕ ಲೀಲಾವತಿಯಲ್ಲಿ ಸೂಕ್ಷ್ಮ ಲೆಕ್ಕಕ್ಕೆ 3927/1250, ಸ್ಥೂಲಕ್ಕೆ 22/7 ಅಂತ ಎರಡೂ ಕೊಟ್ಟಿದ್ದಾರೆ. ಬಾವಿಗೆ ಸ್ಥೂಲವೇ ಸಾಕು. ದುಂಡಿನ ವಿಸ್ತೀರ್ಣಕ್ಕೆ ಅದರ ಕಾಲು ಭಾಗ, ಅಂದರೆ 22/28. ಒಂದು ಘನ ಅಡಿಗೆ 28 ಲೀಟರಿಗಿಂತ ಚೂರು ಜಾಸ್ತಿ ನೀರು. ಮೇಲಿನ 28, ಕೆಳಗಿನ 28 ಹೊಡೆದುಹೋಗಿ 22 ಉಳಿಯುತ್ತದೆ. ಎಷ್ಟು ಚೆಂದ!

ಹೋದ ಬೇಸಿಗೆಯಲ್ಲಿ ಅಜ್ಜಾರ 20 ಅಡಿಯ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಬಿಟ್ಟೆ. ನೀರು ನಾಲ್ಕೇ ಅಡಿ. 35,200 ಲೀಟರ್, ನನ್ನ ಲೆಕ್ಕದ 660 ಗಿಡ.

"ಗಿಡಕ್ಕ ಎಷ್ಟ್ ಬರ್ತೈತ್ರಿ?" ಅಂತ ಅಜ್ಜಾರು ಕೇಳಿದರು.

"53 ಲೀಟರ್" ಅಂದೆ. ಅಂದು ಬಿಟ್ಟುಹೋದ ಗಿಡಗಳೂ ಅಷ್ಟೇ ಇದ್ದವು ಅಂತ ಇಬ್ಬರಿಗೂ ಒಟ್ಟಿಗೇ ನೆನಪಾಯಿತು.