ಮ್ಯಾಪ್‌ನಲ್ಲಿ ಮುಚ್ಚಿಹೋಗಿದ್ದ ನಮ್ಮ ಜೀನ್ಸ್ ಘಟಕ

ಬಳ್ಳಾರಿ ಕೌಲ್‌ಬಜಾರಿನಲ್ಲಿ ನಮ್ಮ ಮಾವನ ಜೀನ್ಸ್ ಹೊಲಿಗೆ ಘಟಕ ದಿನವೂ ನಡೆಯುತ್ತಿತ್ತು. ಗೂಗಲ್ ಮ್ಯಾಪ್‌ನಲ್ಲಿ ಮಾತ್ರ 'ಶಾಶ್ವತವಾಗಿ ಮುಚ್ಚಲಾಗಿದೆ' ಎಂದಿತ್ತು. ಪರಊರಿನ ಹೋಲ್‌ಸೇಲ್ ವ್ಯಾಪಾರಿಯೊಬ್ಬರು ಫೋನ್ ಮಾಡಿ "ಏನ್ರೀ, ಬಂದ್ ಮಾಡಿದ್ರಂತೆ?" ಎಂದಾಗಲೇ ಗೊತ್ತಾದದ್ದು. ಕೆಳಗೆ ಒಂದು ಸ್ಟಾರಿನ ರಿವ್ಯೂಗಳು ಬೇರೆ. ಒಂದರಲ್ಲಿ ಸೀರೆ ಬಣ್ಣ ಬಿಟ್ಟಿತೆಂಬ ದೂರು. ನಾವು ಸೀರೆ ಮಾರಿದವರೇ ಅಲ್ಲ!

ಮ್ಯಾಪ್‌ನಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಆದ್ದರಿಂದ ಮೊದಲು ಮ್ಯಾಪ್‌ನಲ್ಲಿರುವ ಘಟಕದ ಪ್ರೊಫೈಲ್ (ಹೆಸರು, ವಿಳಾಸ, ರಿವ್ಯೂ ಇರುವ ಪುಟ) ನಮ್ಮದೆಂದು ಕ್ಲೇಮ್ ಮಾಡಿ, ವೆರಿಫಿಕೇಶನ್‌ಗೆ ವಿಡಿಯೊ ಕಳಿಸಿದೆ. ವಿಡಿಯೊ ಎಲ್ಲೂ ತುಂಡಾಗದೆ ಒಂದೇ ಸಲಕ್ಕೆ ತೆಗೆದಿರಬೇಕು: ರಸ್ತೆ, ಅಕ್ಕಪಕ್ಕದ ಅಂಗಡಿ, ನಮ್ಮ ಬೋರ್ಡು, ಬೀಗ ತೆಗೆದು ಒಳಹೋಗುವುದು, ಹೊಲಿಗೆ ಮಷಿನ್‌ಗಳು. ಮಾವ ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಮುಖ ತೋರಿಸುವ ಅಗತ್ಯವೇ ಇಲ್ಲ ಅಂದಾಗ ಸ್ವಲ್ಪ ಬೇಜಾರಾಯಿತು. ಇದಕ್ಕೆ ಶುಲ್ಕವಿಲ್ಲ. ಫೋನ್ ಮಾಡಿ ದುಡ್ಡು, ಓಟಿಪಿ ಕೇಳುವವರಿಗೆ ಮರುಳಾಗಬೇಡಿ.

ವೆರಿಫೈ ಆದ ಮೇಲೆ 'ತೆರೆದಿದೆ' ಎಂದು ಬದಲಿಸಿದ್ದು ನಿಮಿಷದ ಕೆಲಸ. ಸೀರೆಯ ರಿವ್ಯೂ ನಮಗೆ ಸಂಬಂಧಿಸಿದ್ದಲ್ಲ ಎಂದು ರಿಪೋರ್ಟ್ ಮಾಡಿದೆ, ಹೋಯಿತು. ಇನ್ನೊಂದು ರಿವ್ಯೂನಲ್ಲಿದ್ದ, ಜೀನ್ಸ್ ಜಿಪ್ ಕಿತ್ತುಬಂದ ದೂರು ಮಾತ್ರ ನಿಜ. ನಿಜವಾದ ದೂರನ್ನು ಬರೀ ನಮಗೆ ಹಿಡಿಸಲಿಲ್ಲವೆಂದು ತೆಗೆಸಲಾಗದು. "ಬಿಲ್ ನಂಬರ್ ಕಳಿಸಿ, ಬದಲಿಸಿ ಕೊಡುತ್ತೇವೆ" ಎಂದು ಅಲ್ಲೇ ಉತ್ತರಿಸಿದೆವು.

ರಿಯಾಯಿತಿ ಕೊಟ್ಟು ಐದು ಸ್ಟಾರ್ ಹಾಕಿಸೋಣ ಅಂತ ಮಾವನ ಹಟ. ಅದು ಗೂಗಲ್ ನಿಯಮಕ್ಕೆ ವಿರುದ್ಧ. ನಕಲಿ ರಿವ್ಯೂ ತಡೆಯಲೆಂದೇ ಕೇಂದ್ರ ಸರ್ಕಾರ 2022ರಲ್ಲಿ ಐಎಸ್ 19000 ಎಂಬ ಭಾರತೀಯ ಮಾನದಂಡ ತಂದಿದೆ ಎಂದಾಗ ಸುಮ್ಮನಾದರು. ಈಗ ಬಿಲ್ಲಿನ ಮೇಲೆ ರಿವ್ಯೂ ಪುಟ ತೆರೆಯುವ ಕ್ಯೂಆರ್ ಕೋಡ್ ಇದೆ, ಬರೆಯುವವರು ಬರೆಯುತ್ತಾರೆ.